ಬೈರಾಸು ಹಿಡಿದು ಕಲಿಸಿದ ಜಾವೆಲಿನ್

ಉಡುಪಿ ಹತ್ತಿರದ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಪಿ.ಟಿ. ಟೀಚರ್. 2021ರ ಆಗಸ್ಟ್ 7ರಂದು ನೀರಜ್ ಚೋಪ್ರಾ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್, ಅಂದರೆ ಈಟಿ, 87.58 ಮೀಟರ್ ಎಸೆದು ಚಿನ್ನ ಗೆದ್ದರಲ್ವಾ, ಆಗ ಕೊರೊನಾದಿಂದ ಶಾಲೆ ಮುಚ್ಚಿತ್ತು. ಬಾಗಿಲು ತೆರೆದ ಮೇಲೆ ನೋಡಿದರೆ ಮಕ್ಕಳು ಹಿಡಿಸೂಡಿ ಕಡ್ಡಿಯಿಂದ ಬೇಲಿಯ ಕೋಲಿನವರೆಗೆ ಸಿಕ್ಕಿದ್ದನ್ನೆಲ್ಲ ಎಸೆಯುತ್ತಿದ್ದರು. ಎಸೆದು ನೆಲಕ್ಕೆ ಕೈಯೂರಿ ಬೀಳುವುದು ಬೇರೆ, ನೀರಜ್ ಹಾಗೆಯೇ! ಬಯ್ದು ನಿಲ್ಲಿಸುವುದಕ್ಕಿಂತ ಸರಿಯಾಗಿ ಕಲಿಸುವುದೇ ಒಳ್ಳೆಯದು ಅನ್ನಿಸಿತು.

ಮೊದಲ ವರ್ಷ ನಾನು ತಪ್ಪು ಮಾಡಿದೆ. ಬಿದಿರಿನ ಕೋಲು ಕೊಟ್ಟು, ಓಡಿ ಬಂದು ಎಸೆಯಿರಿ ಅಂದುಬಿಟ್ಟೆ. ಒಬ್ಬ ಹುಡುಗ ತನ್ನ ಕೋಲು ತರಲು ಓಡಿದ, ಪಕ್ಕದವನು ಇನ್ನೂ ಎಸೆದಿರಲಿಲ್ಲ. ಕೋಲು ಆ ಹುಡುಗನ ಕಿವಿ ಸವರಿಕೊಂಡು ಹೋಯಿತು. ಗಾಯ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮರುದಿನದಿಂದ ಎರಡು ಸೀಟಿ. ಒಂದಕ್ಕೆ ಎಲ್ಲರೂ ಒಟ್ಟಿಗೆ ಎಸೆಯಬೇಕು. ಇನ್ನೊಂದಕ್ಕೆ ಎಲ್ಲರೂ ಒಟ್ಟಿಗೆ ತರಬೇಕು. ನಡೆದೇ ಹೋಗಬೇಕು, ಕೋಲನ್ನು ನೆಟ್ಟಗೆ, ತುದಿ ಕೆಳಗೆ ಮಾಡಿ ಹಿಡಿದುಕೊಂಡು ನಡೆದೇ ಬರಬೇಕು. ಇಬ್ಬರ ನಡುವೆ ಮೂರು ಮೀಟರ್ ಜಾಗ. ಎಡಗೈಯವರು ಸಾಲಿನ ಎಡತುದಿಯಲ್ಲಿ. ಒಂದು ವಾರ ಇದನ್ನೇ ಮಾಡಿಸಿದೆ.

ಬಿದಿರನ್ನೂ ಬಿಟ್ಟೆ. ಈಗ ಅರ್ಧ ಇಂಚಿನ ಪಿವಿಸಿ ಪೈಪ್, ನಾಲ್ಕು ಅಡಿ ಉದ್ದ. ಅದಕ್ಕೆ ಎ.ಸಿ. ಪೈಪಿಗೆ ಹಾಕುವ ಕಪ್ಪು ಫೋಮ್ ಸುತ್ತುತ್ತೇನೆ. ಮುಂದಿನ ತುದಿಗೆ ಹಳೆಯ ಟೆನ್ನಿಸ್ ಚೆಂಡು. ಚೆಂಡಿಗೆ ತೂತು ಕೊರೆದು ಪೈಪ್ ತುರುಕಿ ಟೇಪ್ ಹಾಕಿದರೆ ತುದಿಗೆ ಸ್ವಲ್ಪ ಭಾರವೂ ಬರುತ್ತದೆ, ಯಾರಿಗೂ ಚುಚ್ಚುವುದೂ ಇಲ್ಲ. ಹಿಡಿ ಎಲ್ಲಿ ಅಂತ ಮಕ್ಕಳೇ ಹುಡುಕಬೇಕು. ಕೋಲನ್ನು ಒಂದು ಬೆರಳ ಮೇಲೆ ಅಡ್ಡ ಇಟ್ಟು, ಎಲ್ಲಿ ಅಲುಗಾಡದೆ ನಿಲ್ಲುತ್ತದೋ ಅಲ್ಲಿ ಹತ್ತಿ ದಾರ ಸುತ್ತಬೇಕು. ಮೂರನೇ ಕ್ಲಾಸಿನ ಮಕ್ಕಳಂತೂ ಉಸಿರು ಬಿಗಿಹಿಡಿದು ಇದನ್ನು ಮಾಡುತ್ತಾರೆ.

ನಮ್ಮ ಮಕ್ಕಳಿಗೆ ಎಸೆಯುವುದೇನು ಹೊಸತಲ್ಲ. ಮಾವಿನಕಾಯಿಗೆ ಕಲ್ಲು ಹೊಡೆದು, ಲಗೋರಿ ಆಡಿ ಬೆಳೆದವರು. ಕಷ್ಟ ಇರುವುದೇ ಅಲ್ಲಿ. ಕಲ್ಲು ಬೀಸುವಾಗ ಕೈ ಪಕ್ಕದಿಂದ ಸುತ್ತಿ ಬರುತ್ತದೆ. ಕಲ್ಲಿಗೆ ಅದು ನಡೆಯುತ್ತದೆ, ಜಾವೆಲಿನ್‌ಗೆ ನಡೆಯುವುದಿಲ್ಲ. ಬಾಲ ಒಂದು ಕಡೆ, ತುದಿ ಒಂದು ಕಡೆಯಾಗಿ ಕೋಲು ಅಡ್ಡಡ್ಡ ಬೀಳುತ್ತದೆ. ಅದು ಹೋಗಲಿ, ಮೊಣಕೈಯ ಒಳಬದಿಗೆ ಎಳೆತ ಜಾಸ್ತಿ ಬೀಳುತ್ತದೆ. ಈ ವಯಸ್ಸಿನಲ್ಲಿ ಅಲ್ಲಿನ ಎಲುಬು ಇನ್ನೂ ಬೆಳೆಯುತ್ತಿರುತ್ತದೆ. ಅದಕ್ಕೇ ನನ್ನಲ್ಲಿ ಒಂದು ಮಗುವಿಗೆ ದಿನಕ್ಕೆ 15 ಎಸೆತ ಅಷ್ಟೇ. ಎಷ್ಟು ಗೋಗರೆದರೂ ಹದಿನಾರನೆಯದು ಇಲ್ಲ.

ಕೈ ಸುತ್ತುವುದಕ್ಕೆ ನನಗೆ ಸಿಕ್ಕಿದ ಮದ್ದು ಬೈರಾಸು, ಅದೇ ಮೈ ಒರೆಸುವ ಟವೆಲ್. ಮಳೆಗಾಲದಲ್ಲಿ ಮೈದಾನಕ್ಕೆ ಇಳಿಯುವ ಹಾಗಿಲ್ಲ, ಶಾಲೆಯ ಜಗಲಿಯಲ್ಲೇ ಶುರು ಮಾಡಿದೆ. ಒಬ್ಬಳು ಎಡಗಾಲು ಮುಂದಿಟ್ಟು ನಿಲ್ಲುತ್ತಾಳೆ. ಬಲಗೈಯನ್ನು ಹಿಂದಕ್ಕೆ, ಭುಜಕ್ಕಿಂತ ಸ್ವಲ್ಪ ಮೇಲೆ ಚಾಚಿ ಬೈರಾಸಿನ ಒಂದು ತುದಿ ಹಿಡಿಯುತ್ತಾಳೆ, ಅಂಗೈ ಮೇಲೆ ಮಾಡಿ. ಇನ್ನೊಂದು ತುದಿ ಹಿಂದೆ ನಿಂತ ಗೆಳತಿಯ ಕೈಯಲ್ಲಿ. ನಾನು "ಮೊಣಕಾಲು" ಅಂದರೆ ಬಲ ಮೊಣಕಾಲು ಮುಂದಕ್ಕೆ ತಿರುಗುತ್ತದೆ. "ಸೊಂಟ." "ಎದೆ." ಅಷ್ಟು ಹೊತ್ತಿಗೆ ಬೈರಾಸು ಬಿಗಿದು ಮೈ ಬಿಲ್ಲಿನ ಹಾಗೆ ಬಾಗಿರುತ್ತದೆ, ಕೈ ಮಾತ್ರ ಇನ್ನೂ ಹಿಂದೆಯೇ. ಆಮೇಲೆ "ಕೈ." ಹಿಂದಿನವಳು ಬಿಡುತ್ತಾಳೆ, ಬೈರಾಸು ಕಿವಿಯ ಪಕ್ಕದಿಂದ ಚಟ್ಟನೆ ಮುಂದೆ ಚಿಮ್ಮುತ್ತದೆ. ಕೈ ಕೊನೆಗೆ ಬರಬೇಕು ಅಂತ ನಾನು ನೂರು ಸಲ ಬಾಯಲ್ಲಿ ಹೇಳಿದ್ದೆ. ಬೈರಾಸು ಎರಡೇ ದಿನದಲ್ಲಿ ತಿಳಿಸಿಕೊಟ್ಟಿತು.

ನಮ್ಮ ಮೈದಾನ ಬರೀ ಮುರಕಲ್ಲು, ಗಟ್ಟಿ ಕೆಂಪು ಕಲ್ಲು. ನವೆಂಬರಿನಲ್ಲಿ ಪಕ್ಕದ ಗದ್ದೆಯ ಕೊಯ್ಲು ಮುಗಿದ ಮೇಲೆ, ಯಜಮಾನರನ್ನು ಕೇಳಿ ಅಲ್ಲಿಗೆ ಹೋಗುತ್ತೇವೆ. ಎಂಟು ಮೀಟರ್ ದೂರದಲ್ಲಿ ಸೈಕಲ್ ಟಯರ್ ಇಟ್ಟು, ನಿಂತಲ್ಲಿಂದಲೇ ಎಸೆತ. ದೂರಕ್ಕೆ ಅಂಕ ಇಲ್ಲ. ತುದಿ ಮೊದಲು ನೆಲ ಮುಟ್ಟಿದರೆ ಒಂದು, ಟಯರಿನೊಳಗೆ ಬಿದ್ದರೆ ಎರಡು. ದೂರ ಅಳೆಯಲು ಹೊರಟರೆ ಮಕ್ಕಳು ಮತ್ತೆ ಮಾವಿನಕಾಯಿ ಕೈಗೇ ಹೋಗುತ್ತಾರೆ. ಮೂರು ಹೆಜ್ಜೆ ಇಟ್ಟು ಎಸೆಯುವುದು ಐದನೇ ಕ್ಲಾಸಿನಿಂದ. ಕಾಲು ದಾಟಿಸಿ ಐದು ಹೆಜ್ಜೆ ಇಡುವುದು ಏಳನೆಯವರಿಗೆ ಮಾತ್ರ.

ಹೋದ ವರ್ಷ ಮಕ್ಕಳನ್ನು ಉಡುಪಿಯ ಅಜ್ಜರಕಾಡು ಸ್ಟೇಡಿಯಂಗೆ ಕರೆದುಕೊಂಡು ಹೋಗಿದ್ದೆ, ನಿಜವಾದ ಜಾವೆಲಿನ್ ತೋರಿಸಲು. ಗಂಡಸರದ್ದು 800 ಗ್ರಾಂ, ಹೆಂಗಸರದ್ದು 600 ಗ್ರಾಂ. ಎಸೆಯಲು ಕೊಡಲಿಲ್ಲ, ಸುಮ್ನೆ ಮುಟ್ಟಿ ನೋಡಲಿ ಅಂತ. ಐದನೇ ಕ್ಲಾಸಿನ ಹುಡುಗಿಯೊಬ್ಬಳು 600 ಗ್ರಾಮಿನದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳಿಗಿಂತ ಅದೇ ಉದ್ದ. ಯಾರೂ ಹೇಳಿಕೊಡಲಿಲ್ಲ, ಮೆಲ್ಲಗೆ ಒಂದು ಬೆರಳ ಮೇಲೆ ಅಡ್ಡ ಇಟ್ಟಳು. ನಾನು ಬಾಲದ ಕಡೆ ಕೈ ಒಡ್ಡಿ ನಿಂತೆ. ಜಾವೆಲಿನ್ ಒಮ್ಮೆ ಆಚೆ ಈಚೆ ತೂಗಿ ನಿಂತಿತು.

"ಟೀಚರ್, ಇವರೂ ದಾರ ಇಲ್ಲೇ ಸುತ್ತಿದ್ದು ಉಂಟು!"