ಮೊದಲ ಪಿಸಿ ಜೋಡಿಸುವಾಗ ಯಾವುದಕ್ಕೆ ಯಾವುದು ಹೊಂದುತ್ತದೆ?

ಮೊದಲು ಪ್ರೊಸೆಸರ್ ಆರಿಸಿ, ಆಮೇಲೆ ಅದರ ಸಾಕೆಟ್‌ಗೆ (ಪ್ರೊಸೆಸರ್ ಕೂರುವ ಜಾಗ) ತಕ್ಕ ಮದರ್‌ಬೋರ್ಡ್, ಅಂದರೆ ಎಲ್ಲ ಭಾಗಗಳನ್ನೂ ಜೋಡಿಸುವ ಮುಖ್ಯ ಬೋರ್ಡ್. ಎಎಂಡಿ ಕಂಪನಿಯ ರೈಜೆನ್ 5 7600 ಪ್ರೊಸೆಸರ್ ತೆಗೆದುಕೊಂಡರೆ ಎಎಂ5 ಸಾಕೆಟ್ ಇರುವ ಬೋರ್ಡ್ ಬೇಕು, ಅದಕ್ಕೆ ಡಿಡಿಆರ್5 ರ್‍ಯಾಮ್ ಮಾತ್ರ ಕೂರುತ್ತದೆ. ಹಳೇ ಪಿಸಿಯ ಡಿಡಿಆರ್4 ಇದೆಯಲ್ಲ ಅಂತ ಸುಮ್ನೆ ಒತ್ತಬೇಡಿ, ಅದರ ಕೆಳಗಿನ ಕಚ್ಚು ಬೇರೆ ಜಾಗದಲ್ಲಿರುತ್ತದೆ, ಸ್ಲಾಟ್ ಮುರಿದೀತು ಅಷ್ಟೇ. ಇಂಟೆಲ್ ಪ್ರೊಸೆಸರ್ ಆದರೆ, ಹೆಸರಿನ ಕೊನೆಗೆ ಎಫ್ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದೆ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ. ಕಾರ್ಡಿನ ಉದ್ದ, ಪ್ರೊಸೆಸರ್ ತಂಪಾಗಿಡುವ ಕೂಲರ್‌ನ ಎತ್ತರ ಕೇಸಿಗೆ ಹಿಡಿಸುತ್ತದಾ ನೋಡಿಕೊಳ್ಳಿ.

ಎಲ್ಲ ಭಾಗಗಳಿಗೂ ಕರೆಂಟ್ ಕೊಡುವ ಪವರ್ ಸಪ್ಲೈನಲ್ಲಿ ಮಾತ್ರ ಜಿಪುಣತನ ಬೇಡ. ಮಡಿಕೇರಿ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವುದು ಗೊತ್ತೇ ಇದೆ, ಅಲ್ವಾ? ಒಂದು ಯುಪಿಎಸ್ ಇರಲಿ, ಗುಡುಗು ಶುರುವಾಗುವ ಮೊದಲೇ ಪಿಸಿ ಆಫ್ ಮಾಡಿ ಪ್ಲಗ್ಗನ್ನೇ ತೆಗೆದುಬಿಡಿ, ನೆಟ್ ಕೇಬಲ್ ಸಮೇತ.