ಜಗಲಿಯಲ್ಲೊಂದು ಕತೆ ಸಂಜೆ: ಮೈಕ್ ಮಾತ್ರ ಬೇಡ

ಏಪ್ರಿಲ್ 2 ಅಂತಾರಾಷ್ಟ್ರೀಯ ಮಕ್ಕಳ ಪುಸ್ತಕ ದಿನ. ಡೆನ್ಮಾರ್ಕಿನ ಕತೆಗಾರ ಆಂಡರ್ಸನ್ 1805ರಲ್ಲಿ ಹುಟ್ಟಿದ್ದು ಅದೇ ತಾರೀಕಿಗೆ. 1967ರಿಂದ ಈ ಆಚರಣೆ ನಡೆದುಬಂದಿದೆ. ಮಂಗಳೂರಿನಲ್ಲಿ ಆಗ ಸೆಕೆಯೋ ಸೆಕೆ. ಆ ದಿನ ಅಕ್ಕಪಕ್ಕದ ಮಕ್ಕಳನ್ನು ಸೇರಿಸಿ ಕತೆ ಸಂಜೆ ಇಡುವುದಾದರೆ ಐದೂವರೆಯ ಮೊದಲು ಶುರು ಮಾಡಲೇಬೇಡಿ.

ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ ಮೊದಲ ಸಲ ಇದನ್ನು ಮಾಡಿದಾಗ ನಾನು ಬಾಡಿಗೆಗೆ ಮೈಕ್ ತಂದೆ, ಕತೆ ಹೇಳುವ ಸ್ಪರ್ಧೆಯನ್ನೂ ಇಟ್ಟೆ. ಬಾಯಿಪಾಠ ಮಾಡಿ ಬಂದ ನಾಲ್ಕು ಮಕ್ಕಳು ಗಡಗಡ ಒಪ್ಪಿಸಿದರು. ಉಳಿದವರು ಅಮ್ಮನ ಬೆನ್ನ ಹಿಂದೆ ಅಡಗಿದರು. ಈಗ ಮೈಕೂ ಇಲ್ಲ, ಬಹುಮಾನವೂ ಇಲ್ಲ. ಚಾಪೆ ಸಾಕು.

ಮೊದಲ ಕೆಲಸ ಪುಸ್ತಕ ಆರಿಸುವುದು. ಒಂದು ಗಂಟೆಗೆ ಮೂರು ಪುಸ್ತಕ ಬೇಕಾದಷ್ಟಾಯಿತು. ಚಿತ್ರ ದೊಡ್ಡದಿರಲಿ, ಪುಟಕ್ಕೆ ಎರಡು ಮೂರು ಸಾಲು ಇರಲಿ. ಮನೆಗೊಂದು ಪುಸ್ತಕ ತರಲು ಹೇಳಿ. ಸಾಲದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಕನ್ನಡ ಪುಸ್ತಕಗಳು ಪುಕ್ಕಟೆ ಸಿಗುತ್ತವೆ, ಪ್ರಿಂಟ್ ತೆಗೆದುಕೊಳ್ಳಬಹುದು.

ಹಿಂದಿನ ರಾತ್ರಿ ಎರಡು ಸಲ ಜೋರಾಗಿ ಓದಿ ನೋಡಿ. ಓದುವಾಗ ಪುಸ್ತಕವನ್ನು ಎದೆಯ ಪಕ್ಕ ಹಿಡಿಯಿರಿ, ಪುಟ ಮಕ್ಕಳ ಕಡೆಗೆ. ನೀವು ಓರೆಗಣ್ಣಲ್ಲಿ ಓದಬೇಕು. ಹೆಬ್ಬೆರಳು ಚಿತ್ರದ ಮೇಲೆ ಬಾರದಂತೆ ನೋಡಿಕೊಳ್ಳಿ. ‘ಇಲಿ ಎಲ್ಲಿ, ಕಾಣ್ತಾ ಇಲ್ಲ’ ಅಂತ ಗಲಾಟೆ ಶುರುವಾಗುವುದು ಅಲ್ಲಿಂದಲೇ. ಪುಟ ತಿರುಗಿಸುವ ಮೊದಲು ಒಂದು ಉಸಿರು ಸುಮ್ನೆ ನಿಲ್ಲಿ. ಮುಂದೇನಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ತಪ್ಪು ಹೇಳಿದರೆ ತಿದ್ದಬೇಡಿ, ಪುಟ ತಿರುಗಿಸಿ.

ಓದಿದ ಮೇಲೆ ಹಿರಿಯರ ಸರದಿ. ನನ್ನ ಕೇಳಿದರೆ ಇದೇ ಇಡೀ ಸಂಜೆಯ ತಿರುಳು. ನಮ್ಮೂರಿನ ಮನೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ಇವೆ ಅಲ್ವಾ? ಅಜ್ಜಿ ತನಗೆ ಬಂದ ಭಾಷೆಯಲ್ಲೇ ಕತೆ ಹೇಳಲಿ, ಮೊಮ್ಮಗು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಲಿ. ಕಳೆದ ವರ್ಷ ಮೂರನೇ ಮಹಡಿಯ ಅಜ್ಜಿಯ ತುಳು ಕತೆಯಲ್ಲಿ ‘ಕುದ್ಕೆ’ ಬಂತು. ಮೊಮ್ಮಗಳು ನರಿ ಎಂದಳು. ಪಕ್ಕದಲ್ಲಿದ್ದ ಕೊಂಕಣಿ ಮನೆಯ ಹುಡುಗ, ‘ನಮ್ಮನೇಲಿ ಅದು ಕೊಲ್ಲೊ’ ಎಂದ. ಹತ್ತು ನಿಮಿಷ ಕತೆ ಅಲ್ಲೇ ನಿಂತಿತು. ಬೆಕ್ಕಿಗೆ ಏನು, ಕಾಗೆಗೆ ಏನು ಅಂತ ಒಂದೇ ಕಿರುಚಾಟ. ಅಜ್ಜಿಗಂತೂ ಖುಷಿಯೋ ಖುಷಿ.

ಕತೆ ಹೇಳಲು ನಾಚುವ ಅಜ್ಜಂದಿರಿಗೆ ಪದ್ಯ ಕೇಳಿ. ಬಂಟ್ವಾಳದಲ್ಲಿ 1874ರಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು ‘ಕವಿಶಿಷ್ಯ’ ಎಂಬ ಹೆಸರಿನಲ್ಲಿ ಬರೆದವರು. ನಾಗರಹಾವನ್ನು ಕರೆಯುವ ಅವರ ಪದ್ಯ ಎಷ್ಟೋ ಹಿರಿಯರಿಗೆ ಇನ್ನೂ ಬಾಯಲ್ಲಿದೆ. ಒಬ್ಬರು ಶುರು ಮಾಡಿದರೆ ಸಾಕು, ಉಳಿದವರು ದನಿಗೂಡಿಸುತ್ತಾರೆ.

ತಿಂಡಿ ಕೊನೆಗಿರಲಿ. ಗೋಳಿಬಜೆಯ ವಾಸನೆ ಬಂದ ಮೇಲೆ ಯಾರ ಕಿವಿಯೂ ಕತೆಯ ಕಡೆ ಇರುವುದಿಲ್ಲ.

ಹೊರಡುವಾಗ ಪ್ರತಿ ಮಗುವೂ ಬೇರೆ ಮನೆಯ ಒಂದು ಪುಸ್ತಕ ಒಯ್ಯಲಿ. ಹೆಸರನ್ನು ನೋಟ್‌ಬುಕ್ಕಿನಲ್ಲಿ ಅವರೇ ಬರೆಯಲಿ, ವಾಪಸ್ ಮುಂದಿನ ಭಾನುವಾರ. ನಮ್ಮ ಮನೆಯದೊಂದು ಹೋದ ಸಲ ಎರಡು ತಿಂಗಳು ಬಿಟ್ಟು ಬಂತು. ಹನ್ನೊಂದನೇ ಪುಟದಲ್ಲಿ ಆನೆಯ ಸೊಂಡಿಲ ಮೇಲೆ ಪುನರ್ಪುಳಿ ಶರಬತ್ತಿನ ಕಲೆ. ಮಗಳು ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ಚಿಟ್ಟೆ ಮಾಡಿದ್ದಾಳೆ.