ಮೈಗೆ ಒಂದು ಕ್ರಮ, ಮುಖಕ್ಕೆ ಇನ್ನೊಂದು: ಚರ್ಮದ ಸತ್ತ ಪದರವನ್ನು ತೆಗೆಯುವ ಬಗೆ

ನಮ್ಮ ಚರ್ಮದ ತೀರಾ ಹೊರಗಿನ ಪದರದಲ್ಲಿರುವುದೆಲ್ಲ ಸತ್ತ ಜೀವಕೋಶಗಳೇ. ಒಳಗೆ ಹುಟ್ಟಿದ ಕೋಶವು ಮೇಲಕ್ಕೆ ಸರಿಯುತ್ತ, ಚಪ್ಪಟೆಯಾಗುತ್ತ, ಸತ್ತು, ಕೊನೆಗೆ ಸಣ್ಣ ಹೊಟ್ಟಾಗಿ ಉದುರಲು ಹರೆಯದವರಲ್ಲಿ ಸುಮಾರು 28 ದಿನ ಹಿಡಿಯುತ್ತದೆ. ವಯಸ್ಸಾದಂತೆ ಈ ಅವಧಿ 40 ದಿನಗಳನ್ನೂ ದಾಟುತ್ತದೆ. ಉದುರುವುದು ತಡವಾದಾಗ ಚರ್ಮ ಮಂಕಾಗಿ, ಒರಟಾಗಿ ಕಾಣುತ್ತದೆ. ಆದರೆ ಸತ್ತದ್ದೆಂಬ ಕಾರಣಕ್ಕೆ ಈ ಪದರ ನಿರುಪಯೋಗಿಯಲ್ಲ. ಅಂಗೈ, ಅಂಗಾಲುಗಳನ್ನು ಬಿಟ್ಟರೆ ಉಳಿದೆಡೆ ಕೂದಲೆಳೆಗಿಂತಲೂ ತೆಳುವಾಗಿರುವ ಇದೇ ದೇಹದ ತೇವವನ್ನು ಒಳಗೆ ಹಿಡಿದಿಟ್ಟು, ರೋಗಾಣುಗಳನ್ನು ಹೊರಗೆ ತಡೆಯುತ್ತದೆ. ಆದ್ದರಿಂದ ಈಗಾಗಲೇ ಸಡಿಲಗೊಂಡು ಉದುರಲು ಸಿದ್ಧವಾಗಿರುವ ಕೋಶಗಳನ್ನಷ್ಟೇ ತೆಗೆಯಬೇಕು. ಪದರವನ್ನೇ ಕೆರೆದು ಹಾಕಬಾರದು.

ನಮ್ಮಂಥ ಕಂದುಬಣ್ಣದ ಚರ್ಮದವರು ಈ ಎಚ್ಚರವನ್ನು ಇಮ್ಮಡಿಯಾಗಿ ವಹಿಸಬೇಕಾಗುತ್ತದೆ. ನಮ್ಮ ಚರ್ಮ ಕೆರಳಿದಾಗ ಕೆಂಪಾಗಿ ತಣಿಯುವುದಕ್ಕಷ್ಟೇ ನಿಲ್ಲದೆ, ಆ ಜಾಗದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಹೆಚ್ಚಾಗಿ ಸುರಿದು ಕಪ್ಪು ಕಲೆ ಉಳಿಸುತ್ತದೆ. ಅದು ತಿಳಿಯಾಗಲು ಎಷ್ಟೋ ತಿಂಗಳು ಬೇಕು. ನೈಲಾನ್ ಬ್ರಶ್ಶು, ಒರಟು ಸ್ಕ್ರಬ್ಬರುಗಳಿಂದ ದಿನವೂ ಮೈ ತಿಕ್ಕುವವರ ಕೊರಳಿನ ಎಲುಬಿನ ಮೇಲೆ, ಭುಜದಲ್ಲಿ, ಬೆನ್ನಿನ ಮೇಲ್ಭಾಗದಲ್ಲಿ, ಮೊಣಕಾಲಿನ ಕೆಳಗೆ ಕಾಣುವ ಕಪ್ಪನ್ನು ಚರ್ಮವೈದ್ಯರು ಉಜ್ಜಾಟದಿಂದಲೇ ಬಂದ ಕಪ್ಪೆಂದು ಗುರುತಿಸುತ್ತಾರೆ. ಅದನ್ನು ಕೊಳೆಯೆಂದು ತಿಳಿದು ಇನ್ನಷ್ಟು ಬಲವಾಗಿ ಉಜ್ಜಿದರೆ ಕಪ್ಪು ಇನ್ನಷ್ಟು ಗಾಢವಾಗುತ್ತದೆ. ಕೆಲವರು ವರ್ಷಗಟ್ಟಲೆ ಈ ಸುತ್ತಿನಲ್ಲಿಯೇ ಸಿಕ್ಕಿಕೊಂಡಿರುತ್ತಾರೆ ಎಂಬುದು ನಿಜಕ್ಕೂ ಬೇಸರದ ಸಂಗತಿ.

ಮೈಯ ವಿಷಯಕ್ಕೆ ಬಂದರೆ, ನಮ್ಮ ಎಣ್ಣೆಸ್ನಾನದ ಕ್ರಮವೇ ಒಳ್ಳೆಯ ಮಾದರಿ. ಮೊದಲು ಕೊಬ್ಬರಿ ಎಣ್ಣೆಯನ್ನೋ ಎಳ್ಳೆಣ್ಣೆಯನ್ನೋ ಬೆಚ್ಚಗೆ ಮಾಡಿ ಮೈಗೆ ಸವರಿ, ಹದಿನೈದು ಇಪ್ಪತ್ತು ನಿಮಿಷ ಬಿಡಬೇಕು. ಅನಂತರ ಉಗುರುಬೆಚ್ಚಗಿನ ನೀರು ಹಾಕಿಕೊಂಡು, ಚರ್ಮ ನೆನೆಯಲು ನಾಲ್ಕೈದು ನಿಮಿಷ ಕೊಡಬೇಕು. ಹೊಗೆಯಾಡುವ ಹಂಡೆಯ ನೀರು ಹಿತವೆನಿಸಿದರೂ ಚರ್ಮದ ಸಹಜ ಜಿಡ್ಡನ್ನು ತೊಳೆದುಬಿಡುವುದರಿಂದ ಅದು ಬೇಡ. ಆಮೇಲೆ ಕಡಲೆಹಿಟ್ಟು ಅಥವಾ ಹೆಸರುಹಿಟ್ಟನ್ನು ನೀರಿನಲ್ಲಿ ತೆಳ್ಳಗೆ ಕಲಸಿ, ಅಂಗೈಯಿಂದಲೇ ಕೈಕಾಲುಗಳ ಉದ್ದಕ್ಕೂ, ಬೆರಳಿನ ಭಾರಕ್ಕಿಂತ ಹೆಚ್ಚಿನ ಒತ್ತಡ ಹಾಕದೆ ತಿಕ್ಕಬೇಕು. ಹಿಟ್ಟು ನುಣುಪಾಗಿರಲಿ, ತೆಳು ಬಟ್ಟೆಯಲ್ಲಿ ಸೋಸಿದರೆ ಇನ್ನೂ ಉತ್ತಮ. ತಿಕ್ಕುವಾಗ ಬೂದುಬಣ್ಣದ ಎಳೆಎಳೆಯಾಗಿ ಸುರುಳಿ ಸುತ್ತಿ ಉದುರುವುದನ್ನು ಕಂಡು ಬಹಳ ಕೊಳೆಯಿತ್ತೆಂದು ನಾವು ಅಂದುಕೊಳ್ಳುವುದುಂಟು. ಅದರಲ್ಲಿ ಬಹುಪಾಲು ಎಣ್ಣೆ ಹೀರಿದ ಹಿಟ್ಟೇ. ಅದರ ಜೊತೆ ಸಡಿಲಗೊಂಡ ಸತ್ತ ಕೋಶಗಳೂ ಬಂದಿರುತ್ತವೆ. ಎಳೆ ಬರುವುದು ನಿಲ್ಲುವ ತನಕ ತಿಕ್ಕುತ್ತ ಕೂರಬಾರದು. ಒಂದೊಂದು ಭಾಗಕ್ಕೆ ಅರ್ಧ ನಿಮಿಷ ಸಾಕು. ವಾರಕ್ಕೊಮ್ಮೆ, ಹೆಚ್ಚೆಂದರೆ ಎರಡು ಸಲ ಹೀಗೆ ಮಾಡಿದರೆ ಆಯಿತು. ಬೀದರ್, ಕಲಬುರಗಿ ಕಡೆಯ ಒಣ ಚಳಿಗಾಲದಲ್ಲಿ ಇದನ್ನೂ ಕಡಿಮೆ ಮಾಡುವುದು ಲೇಸು.

ಬಲಿತು ಒಣಗಿದ ಹೀರೆಕಾಯಿಯ ನಾರನ್ನು ಬಳಸುವವರು ಮೊದಲು ಅದನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿಕೊಳ್ಳಬೇಕು. ಮೊಣಕೈ, ಮೊಣಕಾಲು, ಬೆನ್ನು, ಪಾದಗಳಿಗೆ ಅದು ಸರಿ; ಮುಖಕ್ಕೆ, ಕುತ್ತಿಗೆಗೆ, ಕಂಕುಳಿಗೆ, ತೊಡೆಯ ಸಂದಿಗೆ ಸಲ್ಲದು. ಬಳಸಿದ ಮೇಲೆ ಹಿಂಡಿ, ಬಚ್ಚಲಿನ ಮೂಲೆಯಲ್ಲಿ ಬಿಡದೆ ಬಿಸಿಲಿಗೆ ಕಟ್ಟಬೇಕು, ಏಕೆಂದರೆ ಸದಾ ಒದ್ದೆಯಾಗಿರುವ ನಾರಿನಲ್ಲಿ ಉಳಿದ ಚರ್ಮದ ಹೊಟ್ಟಿನ ಮೇಲೆ ಬ್ಯಾಕ್ಟೀರಿಯಾಗಳು ಬೆಳೆದು, ಮುಂದಿನ ಸಲ ಕೂದಲಬುಡದ ಕುರುಗಳಿಗೆ ಕಾರಣವಾಗಬಲ್ಲವು. ಕರಾವಳಿಯ ತೇವದ ಹವೆಯಲ್ಲಂತೂ ಇದನ್ನು ಮರೆಯಬಾರದು. ಮೂರು ನಾಲ್ಕು ವಾರಕ್ಕೊಮ್ಮೆ ನಾರನ್ನು ಬದಲಿಸಬೇಕು. ಒಬ್ಬರು ಬಳಸಿದ್ದನ್ನು ಇನ್ನೊಬ್ಬರು ಬಳಸಬಾರದು. ಸ್ನಾನ ಮುಗಿದೊಡನೆ ಮೈಯನ್ನು ಟವೆಲ್ಲಿನಿಂದ ಒತ್ತಿ ಒರೆಸಿ, ಇನ್ನೂ ತುಸು ಒದ್ದೆಯಿರುವಾಗಲೇ ಮಾಯಿಶ್ಚರೈಸರ್ ಅಥವಾ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಹಚ್ಚಿಕೊಳ್ಳಬೇಕು. ಹಿಮ್ಮಡಿಯ ದಪ್ಪ ಚರ್ಮಕ್ಕೆ ನೆನೆಸಿದ ಮೇಲೆ ಉಜ್ಜುವ ಕಲ್ಲು ಒಗ್ಗುತ್ತದೆ, ಆದರೆ ಬಿರುಕು ಬಿಟ್ಟಿದ್ದರೆ ಕಲ್ಲಿಗಿಂತ ಯೂರಿಯಾ ಇರುವ ಕ್ರೀಮೇ ಮೇಲು. ಮಧುಮೇಹವಿದ್ದು ಪಾದದ ಸ್ಪರ್ಶ ಮಂದವಾಗಿರುವವರಿಗೆ ಗಾಯವಾದದ್ದೇ ತಿಳಿಯದಿರಬಹುದಾದ್ದರಿಂದ ಅವರು ಕಲ್ಲನ್ನು ಮುಟ್ಟಲೇಬಾರದು.

ಮುಖದ ಚರ್ಮ ತೆಳು. ಅಕ್ರೋಟಿನ ಚಿಪ್ಪಿನ ಪುಡಿ, ಸಕ್ಕರೆ, ಕಾಫಿಪುಡಿಗಳಂಥ ಮೂಲೆಯುಳ್ಳ ಕಣಗಳು ಅದಕ್ಕೆ ತಕ್ಕವಲ್ಲ. ನಿಂಬೆರಸವಂತೂ ಖಂಡಿತ ಬೇಡ: ಅದರ ಆಮ್ಲೀಯತೆ ಚರ್ಮ ತಡೆಯುವುದಕ್ಕಿಂತ ಬಹಳ ಹೆಚ್ಚು, ಮೇಲಾಗಿ ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಗುಳ್ಳೆಯೆದ್ದು ಕಪ್ಪು ಪಟ್ಟೆ ಉಳಿಯಬಹುದು. ಅಡುಗೆ ಸೋಡ ಇದಕ್ಕೆ ತದ್ವಿರುದ್ಧವಾದ ಕ್ಷಾರ, ಅದೂ ಬೇಡ. ಮನೆಯ ವಸ್ತುವೇ ಬೇಕೆಂದಿದ್ದರೆ ನುಣ್ಣನೆಯ ಹೆಸರುಹಿಟ್ಟನ್ನು ಮೊಸರಿನಲ್ಲಿ ಕಲಸಿ ಹಚ್ಚಿ, ಪೂರ್ತಿ ಒಣಗುವ ಮೊದಲೇ ನೀರಿನಿಂದ ನೆನೆಸಿ ತೊಳೆಯಬೇಕು. ಒಣಗಿ ಬಿಗಿದ ಹಿಟ್ಟನ್ನು ಉಜ್ಜಿ ಕೀಳುವುದರಿಂದಲೇ ಹೆಚ್ಚಿನ ಕೆರಳಿಕೆ ಆಗುವುದು.

ಮುಖಕ್ಕೆ ನನ್ನ ಆಯ್ಕೆ ಉಜ್ಜುವ ವಸ್ತುವಲ್ಲ, ಸೌಮ್ಯ ಆಮ್ಲ. ಇವು ಸತ್ತ ಕೋಶಗಳ ನಡುವಿನ ಬೆಸುಗೆಯನ್ನು ಸಡಿಲಿಸುವುದರಿಂದ ಅವು ತಾವಾಗಿಯೇ ಉದುರುತ್ತವೆ. ಗ್ಲೈಕಾಲಿಕ್ ಆಮ್ಲದ ಅಣು ಚಿಕ್ಕದಾದ್ದರಿಂದ ಬೇಗ ಒಳಗಿಳಿಯುತ್ತದೆ, ಉರಿಯೂ ಹೆಚ್ಚು. ಲ್ಯಾಕ್ಟಿಕ್ ಆಮ್ಲ ಅದಕ್ಕಿಂತ ಮೃದು. ಮ್ಯಾಂಡೆಲಿಕ್ ಆಮ್ಲ ಇನ್ನೂ ನಿಧಾನ, ಹಾಗಾಗಿ ಬೇಗ ಕಪ್ಪುಗಟ್ಟುವ ಚರ್ಮದವರಿಗೆ ಅನುಕೂಲ. ಮೊಡವೆ, ಬ್ಲ್ಯಾಕ್‌ಹೆಡ್ ಇರುವ ಜಿಡ್ಡುಚರ್ಮಕ್ಕೆ ಎಣ್ಣೆಯಲ್ಲಿ ಕರಗಿ ರಂಧ್ರದೊಳಗೆ ಇಳಿಯುವ ಸ್ಯಾಲಿಸಿಲಿಕ್ ಆಮ್ಲ ಸೂಕ್ತ. ಅದು ಶೇ 2 ಇದ್ದರೆ ಸಾಕು. ಮೊದಲ ಮೂರನ್ನು ಶೇ 5ರಿಂದ ಆರಂಭಿಸಿ, ಮನೆಯಲ್ಲಿ ಶೇ 10ನ್ನು ದಾಟಬಾರದು. ಆನ್‌ಲೈನಿನಲ್ಲಿ ಶೇ 30 ಮತ್ತು ಅದಕ್ಕೂ ತೀಕ್ಷ್ಣವಾದ ಸೀಸೆಗಳು ಸಲೀಸಾಗಿ ಸಿಗುತ್ತವೆ, ಆದರೆ ಅವು ವೈದ್ಯರ ಕೈಯಲ್ಲಿರಬೇಕಾದ ವಸ್ತುಗಳು.

ಯಾವುದೇ ಹೊಸದನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಚೂರು ಹಚ್ಚಿ ಎರಡು ದಿನ ಕಾಯಬೇಕು. ತೊಂದರೆಯಾಗದಿದ್ದರೆ ರಾತ್ರಿ ಮುಖ ತೊಳೆದು, ಪೂರ್ತಿ ಒಣಗಲು ಬಿಟ್ಟು, ಕಣ್ಣಿನ ಸುತ್ತ, ಮೂಗಿನ ಅಂಚು, ತುಟಿಯ ಕೊನೆಗಳನ್ನು ತಪ್ಪಿಸಿ ತೆಳುವಾಗಿ ಹಚ್ಚಿ, ಮೇಲೆ ಮಾಯಿಶ್ಚರೈಸರ್ ಹಾಕಬೇಕು. ವಾರಕ್ಕೊಂದು ರಾತ್ರಿಯಿಂದ ಶುರುಮಾಡಿ, ಒಂದು ತಿಂಗಳ ಬಳಿಕ ಬೇಕಿದ್ದರೆ ಎರಡು ರಾತ್ರಿಗೆ ಏರಿಸಬಹುದು. ಹಚ್ಚಿದಾಗ ಕ್ಷಣಕಾಲ ಚುರುಗುಟ್ಟುವುದು ಸಹಜ. ಉರಿ ನಿಲ್ಲದಿದ್ದರೆ ತೊಳೆದುಬಿಡಬೇಕು. ರೆಟಿನಾಲ್ (ಎ ವಿಟಮಿನ್ನಿನ ಒಂದು ರೂಪ) ಹಚ್ಚುವ ರಾತ್ರಿ ಆಮ್ಲ ಬೇಡ, ವ್ಯಾಕ್ಸಿಂಗ್ ಅಥವಾ ಕ್ಷೌರವಾದ ದಿನವೂ ಬೇಡ. ಈ ಆಮ್ಲಗಳು, ಅದರಲ್ಲೂ ಗ್ಲೈಕಾಲಿಕ್, ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವುದರಿಂದ, ಬಳಸುವಷ್ಟು ಕಾಲವೂ ಬಿಟ್ಟ ಮೇಲೆ ಒಂದು ವಾರವೂ ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚದೆ ಹೊರಗೆ ಹೋಗಬಾರದು. ಸನ್‌ಸ್ಕ್ರೀನ್ ಹಚ್ಚುವ ಅಭ್ಯಾಸವಿಲ್ಲದವರು ಆಮ್ಲವನ್ನೇ ಕೈಬಿಡುವುದು ಕ್ಷೇಮ.

ಮುಟ್ಟಿದರೆ ಉರಿಯುವ, ಬರಿ ನೀರಿಗೂ ಚುರುಗುಟ್ಟುವ, ಬಿಗಿದುಕೊಂಡು ಅಸಹಜವಾಗಿ ಹೊಳೆಯುವ ಮುಖ ಈಗಾಗಲೇ ಅತಿಯಾಗಿದೆಯೆಂದು ಹೇಳುತ್ತಿರುತ್ತದೆ. ಆಗ ಎಲ್ಲವನ್ನೂ ನಿಲ್ಲಿಸಿ, ಕೆಲವು ವಾರ ಸೌಮ್ಯ ಕ್ಲೆನ್ಸರ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್‌ಗಳಿಗಷ್ಟೇ ಸೀಮಿತವಾಗಬೇಕು. ಇಸುಬು, ಹುಳುಕಡ್ಡಿ, ಕೀವುಗಟ್ಟಿದ ಮೊಡವೆ, ಬಿಸಿಲಿಗೆ ಸುಟ್ಟ ಚರ್ಮಗಳನ್ನು ಉಜ್ಜುವಂತಿಲ್ಲ. ಬಣ್ಣ ತಿಳಿಯಾಗಲೆಂದು ಅಂಗಡಿಯಿಂದ ತಂದು ಹಚ್ಚುವ ಕೆಲವು ಕ್ರೀಮುಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ಅವು ಚರ್ಮವನ್ನು ತೆಳುವಾಗಿಸಿರುವುದರಿಂದ, ಅಂಥವನ್ನು ತಿಂಗಳುಗಟ್ಟಲೆ ಹಚ್ಚಿದವರು ಮೊದಲು ಚರ್ಮವೈದ್ಯರನ್ನು ಕಾಣಬೇಕು. ಇನ್ನು ಕುತ್ತಿಗೆಯ ಹಿಂಭಾಗದಲ್ಲಿ, ಕಂಕುಳಲ್ಲಿ ಮಖಮಲ್ಲಿನಂತೆ ದಪ್ಪಗೆ ಮೂಡುವ ಕಪ್ಪು ಎಷ್ಟು ಉಜ್ಜಿದರೂ ಹೋಗುವುದಿಲ್ಲ, ಏಕೆಂದರೆ ಬಹಳಷ್ಟು ಸಲ ಅದರ ಮೂಲವಿರುವುದು ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದರಲ್ಲಿ. ಅಂಥ ಕಪ್ಪು ಕಂಡವರು, ಅದರಲ್ಲೂ ತೂಕ ಏರುತ್ತಿರುವ ಮಕ್ಕಳ ತಂದೆತಾಯಂದಿರು, ಸ್ಕ್ರಬ್ಬನ್ನು ಬದಿಗಿಟ್ಟು ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸಬೇಕು.